ತಾಯಿಗೂ ಒಂದು ಹಾಸಿಗೆ



ವೈದ್ಯಕೀಯ ನೆರವು ನಿಧಿಯ ಮನವಿಯ ಜೊತೆಗೆ ಪ್ರತಿ ವರ್ಷ ಒಂದು ಆರೋಗ್ಯ ಲೇಖನ ನಿಮ್ಮ ಮನೆಗೆ ಬರುವುದು ರೂಢಿ. ಕಳೆದ ವರ್ಷ ಸಕ್ಕರೆ ಕಾಯಿಲೆ, ಅದರ ಹಿಂದಿನ ವರ್ಷ ಮೊಣಕಾಲು ನೋವು. ಈ ಸಲ ಬರೆಯುವ ಸರದಿ ನನ್ನದು. ಎಳೆ ಮಕ್ಕಳ ಮಿದುಳಿನ ಬಗ್ಗೆ ಬರೆಯುತ್ತೇನೆ ಎಂದೆ. "ನಮ್ಮ ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಅರವತ್ತು ದಾಟಿದವರು, ಅವರಿಗೆ ಇದೆಲ್ಲ ಯಾಕೆ ಡಾಕ್ಟ್ರೇ?" ಎಂದು ಕಾರ್ಯದರ್ಶಿಗಳು ಕೇಳಿದರು. ಕಾರಣ ಇದೆ. ಹಣ ನೀವು ಕೊಡುತ್ತೀರಿ. ಅದನ್ನು ಖರ್ಚು ಮಾಡುವಲ್ಲಿ ನಮ್ಮ ಉಪಸಮಿತಿ, ಅದರಲ್ಲೂ ನಾನು, ಒಂದು ತಪ್ಪು ಮಾಡಿದ್ದೇವೆ. ಅದನ್ನು ನಿಮಗೆ ಹೇಳಬೇಕು, ಆ ತಪ್ಪು ಏಕೆ ತಪ್ಪು ಎನ್ನುವುದನ್ನೂ ಹೇಳಬೇಕು.

ನಮ್ಮಲ್ಲಿ ನೆರವು ಕೇಳಿ ಬರುವವರು ಯಾರೆಂದು ನಿಮಗೆ ಗೊತ್ತೇ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು. ಅವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ಇಮ್ಲಿಬನ್ ಬಸ್ ನಿಲ್ದಾಣ. ಕೂಸಿಗೆ ಏನಾದರೂ ಆದರೆ "ನಿಲೋಫರ್‌ಗೆ ಒಯ್ರಿ" ಎನ್ನುವುದು ಆ ಕಡೆ ಮೂರು ತಲೆಮಾರಿನ ಮಾತು. ಆದರೆ ಕರ್ನಾಟಕದ ರೇಷನ್ ಕಾರ್ಡು ಇಲ್ಲಿನ ಆರೋಗ್ಯಶ್ರೀಗೆ ಸಲ್ಲುವುದಿಲ್ಲ. ಖಾಸಗಿ ಆಸ್ಪತ್ರೆ ಸೇರಿದರಂತೂ ಮುಗಿಯಿತು. ಆಗ ಯಾರೋ ಪುಣ್ಯಾತ್ಮರು ನಮ್ಮ ಸಂಘದ ಫೋನ್ ನಂಬರು ಕೊಡುತ್ತಾರೆ.

ಹಾಗೆ ಬಂದದ್ದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಗಂಡು ಕೂಸು. ಎರಡು ವರ್ಷ ಇನ್ನೂ ತುಂಬಿರಲಿಲ್ಲ. ಸ್ನಾನಕ್ಕೆ ಕಾಯಿಸಿದ ನೀರು ಮೇಲೆ ಬಿದ್ದು ಹೊಟ್ಟೆ, ತೊಡೆ ಸುಟ್ಟಿದ್ದವು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ 39 ದಿನ ಇರಬೇಕಾಯಿತು. ತಾಯಿ ಹತ್ತಿ ಬಿಡಿಸುವ ಕೂಲಿ. ಊರಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳು, ಗಂಡ ಪುಣೆಯಲ್ಲಿ ಗಾರೆ ಕೆಲಸ. ಮೊದಲ ಒಂಬತ್ತು ದಿನ ಆಕೆ ವಾರ್ಡಿನ ಹೊರಗೆ ವರಾಂಡದಲ್ಲಿ ಚಾದರ ಹಾಸಿಕೊಂಡು ಮಲಗಿದಳು. ಐದು ರೂಪಾಯಿ ಊಟದ ಸಾಲಿನಲ್ಲಿ ನಿಂತು ಒಂದು ಹೊತ್ತು ಉಂಡಳು. ಕೈಲಿದ್ದ ದುಡ್ಡು ಮುಗಿದ ಮೇಲೆ, ದಿನಕ್ಕೆ 300 ರೂಪಾಯಿಯಂತೆ ಊಟ ವಸತಿಗೆ ಕೊಟ್ಟರೆ ಕೂಸಿನ ಹತ್ತಿರ ಉಳಿಯುತ್ತೇನೆ ಎಂದು ನಮಗೆ ಅರ್ಜಿ ಕೊಟ್ಟಳು. ಅರ್ಜಿ ಬರೆದುಕೊಟ್ಟದ್ದು ಆಕೆಯ ತಮ್ಮ.

ನಮ್ಮ ನಿಯಮ ಹಳೆಯದು: ನಿಧಿಯ ಹಣ ಆಸ್ಪತ್ರೆಯ ಬಿಲ್ಲಿಗೆ ಮತ್ತು ಔಷಧಿಗೆ ಮಾತ್ರ, ಅದೂ ನೇರವಾಗಿ ಆಸ್ಪತ್ರೆಗೆ ಅಥವಾ ಅಂಗಡಿಗೆ ಚೆಕ್ ಮೂಲಕ. ಈ ಕಟ್ಟುನಿಟ್ಟಿನಿಂದಲೇ ನಿಧಿ ಇಷ್ಟು ವರ್ಷ ಉಳಿದಿದೆ, ನಮ್ಮ ಖಜಾಂಚಿಗಳನ್ನು ನಾನು ದೂರುವುದಿಲ್ಲ. "ನಿಯಮದಲ್ಲಿ ಅವಕಾಶವಿಲ್ಲ" ಎಂದು ಆ ಅರ್ಜಿಯ ಮೇಲೆ ಬರೆದು ಸಹಿ ಹಾಕಿದ್ದು ನಾನು. ಚರ್ಮ ಕಸಿ, ಔಷಧಿ ಎಲ್ಲ ಸೇರಿ ನಾವು 38,000 ರೂಪಾಯಿ ಕೊಟ್ಟೆವು. ತಾಯಿ ಊರಿಗೆ ಹೋದಳು. ಸೋದರಮಾವ ಸಂಜೆ ಹೊತ್ತು ಬಂದು ಹೋಗುತ್ತಿದ್ದ. ರಾತ್ರಿ ಗಂಡಸರನ್ನು ಆ ವಾರ್ಡಿಗೆ ಬಿಡುತ್ತಿರಲಿಲ್ಲ.

ಸಂಘದ ಪರವಾಗಿ ನಾನು ಮೂರು ಸಲ ನೋಡಲು ಹೋದೆ. ಮೊದಲ ಸಲ, ತಾಯಿ ಹೋದ ಎರಡನೇ ದಿನ, ಬಾಗಿಲು ಸದ್ದಾದಾಗಲೆಲ್ಲ ಆ ಕಡೆ ತಿರುಗಿ ಚೀರುತ್ತಿದ್ದ. ಎರಡನೇ ಸಲ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಊಟ ಬೇಡ, ಆಟಿಕೆ ಬೇಡ. ಮೂರನೇ ಸಲ ಹೋದಾಗ ಡ್ರೆಸಿಂಗ್ ಬಿಚ್ಚುವಾಗಲೂ ಅಳುತ್ತಿರಲಿಲ್ಲ. "ಈಗ ಹೊಂದ್ಕೊಂಡಿದಾನೆ ಮೇಡಂ, ಜಾಣ ಹುಡುಗ" ಎಂದರು ನರ್ಸಮ್ಮ. ಮನೆಗೆ ಕಳಿಸುವ ದಿನ ತಾಯಿ ಬಂದು ಕೈ ಚಾಚಿದಳು. ಅವನು ಮುಖ ತಿರುಗಿಸಿದ. ನನ್ನ ಕಡೆ ಕೈ ಚಾಚಿದ, ಆಮೇಲೆ ಟ್ರಾಲಿ ತಳ್ಳುವವನ ಕಡೆ. "ಎಷ್ಟು ಚೂಟಿ, ಎಲ್ಲರ ಹತ್ತಿರಾನೂ ಹೋಗ್ತಾನೆ" ಎಂದು ಪಕ್ಕದ ಹಾಸಿಗೆಯವರು ನಕ್ಕರು. ತಾಯಿ ಮಾತ್ರ "ನನ್ನ ಗುರ್ತಾ ಹಿಡಿವಲ್ದ್ರೀ ಅಕ್ಕಾರ" ಎಂದು ಗೋಡೆಗೆ ಒರಗಿ ಕೂತಳು.

ನಾನು 34 ವರ್ಷ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡಿದವಳು. ಈ ಮೂರು ಮೆಟ್ಟಿಲನ್ನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಎರಡು ವರ್ಷದ ಹುಡುಗಿಯೊಬ್ಬಳು ಎಂಟು ದಿನ ಆಸ್ಪತ್ರೆಯಲ್ಲಿ ಕಳೆದದ್ದನ್ನು ಚಲನಚಿತ್ರ ಮಾಡಿ ತೋರಿಸಿದ್ದರು. ಆ ಕಾಲಕ್ಕೆ ಅಲ್ಲಿ ತಂದೆತಾಯಿಗಳಿಗೆ ವಾರ್ಡಿನೊಳಗೆ ಪ್ರವೇಶವೇ ಕಡಿಮೆ. ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಎಂಬುದು ವೈದ್ಯರ ನಂಬಿಕೆ. ರಾಬರ್ಟ್‌ಸನ್ ಹೇಳಿದ್ದು ಬೇರೆ: ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಬಿಡುಗಣ್ಣು, ಅಂದರೆ ತಾಯಿಯಿಂದಲೇ ಮನಸ್ಸು ಕಿತ್ತುಕೊಳ್ಳುವುದು. ನಾವು "ಹೊಂದಿಕೊಂಡ" ಎನ್ನುವುದು ಈ ಮೂರನೆಯದನ್ನು. ವೈದ್ಯರು ಅವರ ಮೇಲೆ ಸಿಟ್ಟಾದರು, ಆದರೆ 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ ಮಕ್ಕಳ ವಾರ್ಡಿಗೆ ತಂದೆತಾಯಿ ಯಾವ ಹೊತ್ತಿನಲ್ಲಾದರೂ ಬರಬಹುದು ಎಂದು ಶಿಫಾರಸು ಮಾಡಿತು. ಇಷ್ಟೆಲ್ಲ ಗೊತ್ತಿದ್ದೂ ನಾನು ಸಹಿ ಹಾಕಿದೆ.

ಈಗ ಒಳಗೆ ಏನಾಗುತ್ತದೆ ಎಂದು ನೋಡೋಣ. ಹುಟ್ಟಿದ ಮಗುವಿನ ಮಿದುಳು ಸುಮಾರು 350 ಗ್ರಾಂ. ಎರಡು ವರ್ಷ ತುಂಬುವಷ್ಟರಲ್ಲಿ ಅದು ದೊಡ್ಡವರ ಮಿದುಳಿನ ಮುಕ್ಕಾಲು ಭಾಗದಷ್ಟು ಬೆಳೆದಿರುತ್ತದೆ. ನರಕೋಶಗಳ ನಡುವೆ ಜೋಡಣೆಗಳು ಬೇಕಾದ್ದಕ್ಕಿಂತ ಹೆಚ್ಚಾಗಿ ಹುಟ್ಟಿ, ಬಳಸಿದವು ಗಟ್ಟಿಯಾಗಿ, ಬಳಸದವು ಉದುರುತ್ತವೆ. ಹೊಲದಲ್ಲಿ ಕಾಲುದಾರಿ ಬಿದ್ದ ಹಾಗೆ: ದಿನಾ ನಡೆದಲ್ಲಿ ದಾರಿ, ನಡೆಯದಲ್ಲಿ ಹುಲ್ಲು. ಈ ವಯಸ್ಸಿನ ಮಗು ಏನನ್ನು ಹೆಚ್ಚಾಗಿ ಅನುಭವಿಸುತ್ತದೋ ಅದಕ್ಕೇ ಅದರ ಮಿದುಳು ಸಜ್ಜಾಗುತ್ತದೆ.

ಹೆದರಿದಾಗ ಮಿದುಳು ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಇದು ಕೆಟ್ಟದ್ದಲ್ಲ. ಓಡಲು, ಹೋರಾಡಲು, ಎಚ್ಚರವಾಗಿರಲು ಅದು ಬೇಕು. ಸ್ವಲ್ಪ ಹೊತ್ತಿಗೆ ಇಳಿದುಹೋಗಬೇಕು, ಅಷ್ಟೆ. ದೊಡ್ಡವರಿಗೆ ಅದನ್ನು ಇಳಿಸಿಕೊಳ್ಳುವ ದಾರಿಗಳಿವೆ: ಯಾರ ಹತ್ತಿರವಾದರೂ ಮಾತಾಡುತ್ತೇವೆ, ದೇವರಿಗೆ ಕೈ ಮುಗಿಯುತ್ತೇವೆ, ಒಂದು ಚಹಾ ಕುಡಿಯುತ್ತೇವೆ. ಎರಡು ವರ್ಷದ ಕೂಸಿಗೆ ಇರುವ ದಾರಿ ಮುಖ್ಯವಾಗಿ ಒಂದೇ, ತನ್ನವರ ಮಡಿಲು. ಅಮೆರಿಕದ ಮಿನ್ನೆಸೋಟದ ಮೇಗನ್ ಗುನ್ನಾರ್ ಅವರು ಒಂದೂಕಾಲು ವರ್ಷದ ಮಕ್ಕಳಿಗೆ ಲಸಿಕೆ ಹಾಕಿಸುವಾಗ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದರು. ತಾಯಿಯ ಮೇಲೆ ಭರವಸೆ ಗಟ್ಟಿಯಾಗಿದ್ದ ಮಕ್ಕಳು ಸೂಜಿಗೆ ಹೆದರಿದರೂ, ತಾಯಿ ಜೊತೆಗಿದ್ದಾಗ ಕಾರ್ಟಿಸಾಲ್ ಅಷ್ಟಾಗಿ ಏರಲಿಲ್ಲ. ಅಳು ಬೇರೆ, ಒಳಗಿನ ಒತ್ತಡ ಬೇರೆ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಕೂಸು ಕೊನೆಗೆ ಅಳುವುದನ್ನು ನಿಲ್ಲಿಸಿದ್ದನ್ನು ನೆಮ್ಮದಿ ಎಂದು ಓದಬಾರದು.

ಇಲ್ಲಿ ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೊಮ್ಮಗಳನ್ನು ನರ್ಸರಿಗೆ ಬಿಟ್ಟಾಗ ಅತ್ತಳು, ಸೊಸೆ ಆಫೀಸಿಗೆ ಹೋಗುತ್ತಾಳೆ ಎಂದು ಈ ಲೇಖನ ಹಿಡಿದು ಮನೆಯಲ್ಲಿ ಜಗಳ ಮಾಡಬೇಡಿ! ಸಂಜೆ ಹೊತ್ತಿಗೆ ಮಡಿಲು ಸಿಗುವ ಮಗುವಿಗೆ ಅಂಥ ಒತ್ತಡ ಬೆಳವಣಿಗೆಯ ಭಾಗ. ನಾನು ಹೇಳುತ್ತಿರುವುದು ದಿನಗಟ್ಟಲೆ, ವಾರಗಟ್ಟಲೆ ಇಳಿಯದ ಒತ್ತಡದ ಬಗ್ಗೆ: ನಿಲ್ಲದ ಹಸಿವೆ, ಮನೆಯಲ್ಲಿ ಹೊಡೆತ, ಪಾಲಿಸುವವರಿಲ್ಲದ ಸ್ಥಿತಿ, ನೋವಿನ ಜೊತೆ ಒಂಟಿತನ.

ಆ ಒತ್ತಡ ಮಿದುಳಿನ ಆಕಾರವನ್ನೇ ಬದಲಿಸಬಲ್ಲದು ಎಂಬುದನ್ನು ತೋರಿಸಿದ ಮುಖ್ಯ ಕೆಲಸಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿ ನಡೆದದ್ದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟರು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ, ಬಾದಾಮಿ ಗಾತ್ರದ ಅಮಿಗ್ಡಲದಲ್ಲಿ ಕೊಂಬೆಗಳು ಇನ್ನಷ್ಟು ಬೆಳೆದವು. ಎರಡು ವರ್ಷದ ನಂತರ ಬಂದ ಮುಂದಿನ ವರದಿ ಇನ್ನೂ ಯೋಚನೆಗೆ ಹಚ್ಚುವಂಥದ್ದು: 21 ದಿನ ಆರಾಮವಾಗಿ ಬಿಟ್ಟ ಮೇಲೂ ಅಮಿಗ್ಡಲದ ಆ ಬೆಳವಣಿಗೆ ಹಿಂದಕ್ಕೆ ಹೋಗಲಿಲ್ಲ, ಅಂಜಿಕೆಯೂ ಹೋಗಲಿಲ್ಲ. ಇವು ಬೆಳೆದ ಇಲಿಗಳು, ಮಕ್ಕಳಲ್ಲ. ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಬಾರದು. ಆದರೂ ಬೆಳೆದ ಮಿದುಳಿಗೇ ಹೀಗಾದರೆ, ಇನ್ನೂ ದಾರಿ ಬೀಳುತ್ತಿರುವ ಮಿದುಳಿನ ಬಗ್ಗೆ ಹೆಚ್ಚು ಎಚ್ಚರ ಬೇಕೆನ್ನುವುದಕ್ಕೆ ಇಷ್ಟು ಸಾಕು. ಭಯದ ಈ ಭಾಗವನ್ನು "ಇರು, ಏನೂ ಇಲ್ಲ" ಎಂದು ಸಮಾಧಾನ ಮಾಡುವುದು ಹಣೆಯ ಹಿಂದಿರುವ ಭಾಗ. ಅದು ಪೂರ್ತಿ ಮಾಗಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇಕು. ಅಲ್ಲಿಯವರೆಗೆ ಆ ಕೆಲಸವನ್ನು ಹೆಚ್ಚಾಗಿ ಹೊರಗಿನಿಂದ ಮಾಡುವವರು ತಾಯಿ, ತಂದೆ, ಅಜ್ಜಿ.

ಎಲ್ಲರ ಹತ್ತಿರವೂ ಹೋಗುವ "ಚೂಟಿತನ"ದ ಮಾತಿಗೆ ಬರುತ್ತೇನೆ, ಏಕೆಂದರೆ ಓದುಗರು ಅದನ್ನು ಒಳ್ಳೆಯ ಗುಣ ಎಂದುಕೊಂಡಿರಬಹುದು. ರುಮೇನಿಯಾದಲ್ಲಿ ಚೌಶೆಸ್ಕು ಆಡಳಿತ ಬಿದ್ದಾಗ ಸರ್ಕಾರಿ ಅನಾಥಾಲಯಗಳಲ್ಲಿ ಸಾವಿರಾರು ಮಕ್ಕಳಿದ್ದರು. ಊಟ ಬಟ್ಟೆ ಸಿಗುತ್ತಿತ್ತು, ತನ್ನವರು ಎಂಬುವರು ಇರಲಿಲ್ಲ. 2000ದ ಹೊತ್ತಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಬುಕಾರೆಸ್ಟಿನಲ್ಲಿ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದರು. ಸಂಸ್ಥೆಯಲ್ಲಿ ಬೆಳೆದ ಅನೇಕ ಮಕ್ಕಳು ಗುರುತಿಲ್ಲದವರ ಮಡಿಲು ಏರುತ್ತಿದ್ದರು, ಕರೆದವರ ಹಿಂದೆ ಹೊರಟುಬಿಡುತ್ತಿದ್ದರು. ತನ್ನವರು ಯಾರು, ಹೊರಗಿನವರು ಯಾರು ಎಂಬ ಗೆರೆಯೇ ಅವರಲ್ಲಿ ಮೂಡಿರಲಿಲ್ಲ. ನಂಬಿಕೆ, ಸ್ನೇಹ, ಜಗಳವಾಡಿ ಮತ್ತೆ ರಾಜಿಯಾಗುವುದು, ಇವೆಲ್ಲ ಆ ಗೆರೆಯ ಮೇಲೆಯೇ ನಿಲ್ಲುತ್ತವೆ. ಎರಡು ವರ್ಷಕ್ಕೆ ಮೊದಲೇ ಮನೆ ಸೇರಿದ ಮಕ್ಕಳು ಚೆನ್ನಾಗಿ ಚೇತರಿಸಿಕೊಂಡರು. ಎಂಟನೇ ವಯಸ್ಸಿನಲ್ಲಿ ಅವರ ಮಿದುಳಿನ ವಿದ್ಯುತ್ ಅಲೆಗಳು ಅನಾಥಾಲಯ ಕಾಣದ ಮಕ್ಕಳ ಅಲೆಗಳಿಗೆ ಹತ್ತಿರವಾಗಿದ್ದವು. ತಡವಾಗಿ ಹೋದವರಲ್ಲಿ ಅಷ್ಟಿಲ್ಲ.

ಮೂವತ್ತು ದಿನದ ಆಸ್ಪತ್ರೆ ವಾಸ ರುಮೇನಿಯಾದ ಅನಾಥಾಲಯ ಅಲ್ಲ. ಹಾಗೆ ಹೇಳಿ ನಿಮ್ಮನ್ನು ಹೆದರಿಸಿ ಚಂದಾ ಎತ್ತುವುದು ನನಗೆ ಬೇಡ. ಮನೆಗೆ ಮರಳಿದ ಮಕ್ಕಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ನಮ್ಮ ಹತ್ತಿರ ಬರುವ ಮಕ್ಕಳು ಒಂದೇ ಹೊರೆ ಹೊತ್ತು ಬರುವವರಲ್ಲ. ಅರೆಹೊಟ್ಟೆ, ಸಾಲ, ಗುಳೆ ಹೋದ ತಂದೆ, ಅದರ ಮೇಲೆ ಕಾಯಿಲೆ, ಅದರ ಮೇಲೆ ಈ ಒಂಟಿತನ. ಹೊರೆಗಳು ಒಂದರ ಮೇಲೊಂದು ಕೂರುತ್ತವೆ, ಅವುಗಳಲ್ಲಿ ಕೊನೆಯದನ್ನು ನಾವು ಹೊರಿಸಿದ್ದೆವು.

ಅರೆಹೊಟ್ಟೆಯ ಮಾತು ಬಂತು, ಹೈದರಾಬಾದಿನವರಾದ ನಾವು ತಾರ್ನಾಕದ ಪೌಷ್ಟಿಕಾಂಶ ಸಂಸ್ಥೆಯನ್ನು ಮರೆಯಬಾರದು. ಉಸ್ಮಾನಿಯಾ ಕಡೆ ಬಸ್ಸಿನಲ್ಲಿ ಹೋಗುವಾಗ ನೋಡಿಯೇ ಇರುತ್ತೀರಿ. ಅಲ್ಲಿಯ ಚಂಪಕಂ, ಎಸ್.ಜಿ. ಶ್ರೀಕಂಠಯ್ಯ, ಸಿ. ಗೋಪಾಲನ್ ಮೂವರೂ 1968ರಲ್ಲಿ ಒಂದು ವರದಿ ಪ್ರಕಟಿಸಿದರು. ಒಂದೂವರೆಯಿಂದ ಮೂರು ವರ್ಷದೊಳಗೆ ಕ್ವಾಷಿಯೋರ್ಕರ್ ಬಂದು, ಅಂದರೆ ಪೋಷಣೆಯಿಲ್ಲದೆ ಮೈ ಬಾತು, ಚಿಕಿತ್ಸೆಯಿಂದ ಬದುಕಿ ಉಳಿದ 19 ಮಕ್ಕಳನ್ನು ಎಂಟರಿಂದ ಹನ್ನೊಂದನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. ಅದೇ ಬಗೆಯ ಮನೆಗಳಿಂದ ಬಂದ, ಆ ಕಾಯಿಲೆ ಬಾರದ ಮಕ್ಕಳಿಗಿಂತ ಇವರು ಗ್ರಹಿಕೆಯಲ್ಲಿ, ಅಮೂರ್ತವಾಗಿ ಯೋಚಿಸುವುದರಲ್ಲಿ ಹಿಂದಿದ್ದರು. ದೊಡ್ಡ ವಯಸ್ಸಿನ ಮಕ್ಕಳಲ್ಲಿ ಆ ಅಂತರ ಕಡಿಮೆಯಿತ್ತು. ನನಗೆ ಈ ಎರಡನೆಯ ಮಾತು ಮುಖ್ಯ. ಕಾಯಿಲೆ ವಾಸಿಯಾದ ಮೇಲೂ ಗುರುತು ಉಳಿಯುತ್ತದೆ, ಆದರೆ ಬಾಗಿಲು ಮುಚ್ಚಿಹೋಗುವುದಿಲ್ಲ.

ಬಾಗಿಲು ತೆರೆಯುವುದು ಹೇಗೆಂದು ಜಮೈಕಾದವರು ತೋರಿಸಿದರು. ಕಿಂಗ್‌ಸ್ಟನ್ ಎಂದರೆ ನಮ್ಮ ಪೀಳಿಗೆಗೆ ಸಬೀನಾ ಪಾರ್ಕಿನ ಟೆಸ್ಟ್ ಪಂದ್ಯ ಮಾತ್ರ ನೆನಪು. ಅಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬಡ ಬಡಾವಣೆಗಳ 129 ಕುಂಠಿತ ಮಕ್ಕಳನ್ನು ಆರಿಸಿಕೊಂಡರು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ, ಒಂದು ಗಂಟೆ ಕೂತು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ತಾಯಿ ಮಗು ಆಡುವುದನ್ನು ಕಲಿಸಿದಳು. ಎರಡು ವರ್ಷ, ಅಷ್ಟೆ. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೆ, ಹಾಗೆ ಆಡಿದ ಮಕ್ಕಳ ಸಂಪಾದನೆ ಉಳಿದವರಿಗಿಂತ ಸುಮಾರು 25 ಶೇಕಡಾ ಹೆಚ್ಚು. ಹೊಡೆದಾಟ, ಹಿಂಸೆಯಲ್ಲಿ ತೊಡಗಿದ್ದು ಕಡಿಮೆ. ಔಷಧಿಯಲ್ಲ, ಯಂತ್ರವಲ್ಲ. ತಾಯಿಗೆ ಸ್ವಲ್ಪ ಬಿಡುವು, ಸ್ವಲ್ಪ ಧೈರ್ಯ, ಕೂಸಿನ ಜೊತೆ ಕೂರಲು ಒಂದು ನೆಪ.

"ಇದೆಲ್ಲ ಸರಿ, ನಮ್ಮ ಆಸ್ಪತ್ರೆಗಳಲ್ಲಿ ತಾಯಿಯನ್ನು ಒಳಗೆ ಎಲ್ಲಿ ಇಡುತ್ತಾರೆ?" ಎಂದು ಉಪಸಮಿತಿಯಲ್ಲೇ ಒಬ್ಬರು ಕೇಳಿದರು. ಇಡುತ್ತಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಐದು ದೇಶಗಳಲ್ಲಿ ನಡೆದ ಅಧ್ಯಯನವೊಂದು ಹೊರಬಂತು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. ತೂಕ ತೀರ ಕಡಿಮೆಯಿರುವ ನವಜಾತ ಶಿಶುಗಳ ತೀವ್ರ ನಿಗಾ ಘಟಕದೊಳಗೇ ತಾಯಿಗೂ ಹಾಸಿಗೆ ಹಾಕಿ, ಹುಟ್ಟಿದ ಕೂಡಲೇ ಎದೆಗೆ ಎದೆ ತಾಗಿಸಿ ಮಲಗಿಸಿದರು. ಮಗು ಸ್ಥಿರವಾಗುವವರೆಗೆ ತಾಯಿಯಿಂದ ಬೇರೆ ಇಡುವ ಹಳೆಯ ಪದ್ಧತಿಯಲ್ಲಿ ತಿಂಗಳೊಳಗೆ ನೂರಕ್ಕೆ ಸುಮಾರು 16 ಮಕ್ಕಳು ಸತ್ತರೆ, ಹೀಗೆ ಮಾಡಿದಲ್ಲಿ 12. ತಾಯಿಯ ಹಾಸಿಗೆ ಜೀವ ಉಳಿಸುವ ಉಪಕರಣ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ನಮ್ಮ ಕೊಪ್ಪಳದಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಈ ಕಾಂಗರೂ ಆರೈಕೆಯನ್ನು ಜಿಲ್ಲೆಗೆಲ್ಲ ಹರಡಿದರು. ಒಂದು ಕಾಲಕ್ಕೆ ಸಾಲಾರ್ ಜಂಗರ ಜಾಗೀರಾಗಿದ್ದ, ಹಿಂದುಳಿದದ್ದು ಎಂದೇ ಹೆಸರಾದ ಆ ಕೊಪ್ಪಳದಲ್ಲಿ ಆದದ್ದು ನಮ್ಮ ಮಹಾನಗರದಲ್ಲಿ ಆಗದೇ? ಈ ಪದ್ಧತಿ ಶುರುವಾದ ಕೊಲಂಬಿಯಾದ ಬೊಗೋಟಾದಲ್ಲಿ, ಹಾಗೆ ಬೆಳೆದ ಮಕ್ಕಳನ್ನು ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದಾಗ ಸಿಡುಕು, ಆಕ್ರಮಣದ ಸ್ವಭಾವ ಕಡಿಮೆ ಕಂಡಿತು.

ಆ ಹುಡುಗ ಕಲೆ ತೋರಿಸಲು ನಾಲ್ಕು ತಿಂಗಳ ನಂತರ ತಾಯಿಯ ಜೊತೆ ಬಂದಿದ್ದ. ನಾನು ಕೈ ಚಾಚಿದೆ. ಅವಳ ಸೆರಗು ಹಿಡಿದು, ಹಿಂದೆ ಅಡಗಿ, ಜೋರಾಗಿ ಅತ್ತ. "ತಪ್ಪು ತಿಳ್ಕೋಬ್ಯಾಡ್ರೀ ಅಕ್ಕಾರ, ಈಗೀಗ ಹಿಂಗs ಮಾಡ್ತಾನ, ಯಾರ ಹತ್ರಾನೂ ಹೋಗಂಗಿಲ್ಲ" ಎಂದು ಆಕೆ ಸಂಕೋಚಪಟ್ಟಳು. ನನಗೆ ಎಷ್ಟು ಸಂತೋಷವಾಯಿತೆಂದು ಆಕೆಗೆ ವಿವರಿಸಲು ಹೋಗಲಿಲ್ಲ. ರಾತ್ರಿ ಇನ್ನೂ ಬೆಚ್ಚಿ ಏಳುತ್ತಾನಂತೆ. ಅವನನ್ನು ಬಿಟ್ಟು ಕೂಲಿಗೆ ಹೋಗಲು ಆಕೆಗೆ ಆಗುತ್ತಿಲ್ಲ, ಅದರಿಂದ ಮನೆಯಲ್ಲಿ ಕಷ್ಟ.

ಉಪಸಮಿತಿ ಒಪ್ಪಿರುವುದು ಇಷ್ಟು. ಐದು ವರ್ಷದೊಳಗಿನ ಮಗು ಮೂರು ದಿನಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿ ಇರಬೇಕಾದರೆ, ತಾಯಿ ಅಥವಾ ಮಗು ನೆಚ್ಚಿಕೊಂಡಿರುವ ಇನ್ನೊಬ್ಬರಿಗೆ ದಿನಕ್ಕೆ 350 ರೂಪಾಯಿ ಊಟ ವಸತಿ ಖರ್ಚು, ಜೊತೆಗೆ ಒಮ್ಮೆ ಬಂದು ಹೋಗುವ ಬಸ್ ಚಾರ್ಜು. ತಾಯಿಯೇ ಆಗಬೇಕೆಂದಿಲ್ಲ, ಅಜ್ಜಿಯಾದರೂ ಸರಿ, ತಂದೆಯಾದರೂ ಸರಿ. ನಿಯಮ ತಿದ್ದಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು. ಅದು ಸಿಗುವವರೆಗೆ ಮೂಲ ನಿಧಿಯನ್ನು ಮುಟ್ಟದೆ ಬೇರೆ ಖಾತೆ ತೆರೆದಿದ್ದೇವೆ. ಅದಕ್ಕೆ ಕೊಡುವವರು ರಸೀದಿಯಲ್ಲಿ "ತಾಯಿ ವಾಸ್ತವ್ಯ" ಎಂದು ಬರೆಸಬೇಕು. ಬರೆಸದ ಹಣ ಎಂದಿನಂತೆ ಬಿಲ್ಲಿನ ನಿಧಿಗೇ ಹೋಗುತ್ತದೆ. ಯಾರು ಯಾವ ದಿನ ಉಳಿದರು ಎಂಬುದಕ್ಕೆ ವಾರ್ಡಿನ ಸಿಸ್ಟರ್ ಸಹಿ ಪಡೆದು ಲೆಕ್ಕ ಇಡುವ ಹೊಣೆ ನನ್ನದು.

ಲಕಡೀಕಾಪುಲ್, ನಾಂಪಲ್ಲಿ, ಮಲಕಪೇಟೆ ಕಡೆ ಮನೆಯಿದ್ದು, ಒಂದು ಕೋಣೆಯನ್ನೋ ಸ್ನಾನಕ್ಕೆ ನೀರನ್ನೋ ಕೊಡಬಲ್ಲವರು ಹೆಸರು ಕೊಡಿ. ನಿವೃತ್ತರಾದ ಅಕ್ಕಂದಿರಲ್ಲಿ ಮಧ್ಯಾಹ್ನ ಎರಡು ಗಂಟೆ ವಾರ್ಡಿನಲ್ಲಿ ಕೂರಬಲ್ಲವರು ಬೇಕು, ತಾಯಿ ಆ ಹೊತ್ತಿನಲ್ಲಿ ಸ್ನಾನ ಊಟ ಮುಗಿಸಿ ಬರಲಿ. ಕೂಸಿಗೆ ಕನ್ನಡ ಕಿವಿಗೆ ಬಿದ್ದರೂ ಸಾಕು. ಆದರೆ ಒಂದು ಷರತ್ತು: ಒಂದು ಮಗುವಿಗೆ ಒಬ್ಬರೇ, ಕೊನೆಯವರೆಗೆ ಅವರೇ. ದಿನಕ್ಕೊಬ್ಬ ಅಜ್ಜಿ ಬದಲಾದರೆ ಪ್ರಯೋಜನವಿಲ್ಲ. ಸಂಘದ ಕಚೇರಿ ಸಂಜೆ 5ರಿಂದ 8ರವರೆಗೆ ತೆರೆದಿರುತ್ತದೆ, ಭಾನುವಾರ ರಜೆ. ಈ ವಾರ ಕಲಬುರಗಿ ಕಡೆಯ ಒಂದು ಹೆಣ್ಣುಕೂಸು ದಾಖಲಾಗಿದೆ, ವಯಸ್ಸು ಹದಿನಾಲ್ಕು ತಿಂಗಳು. ತಾಯಿ ಸದ್ಯಕ್ಕೆ ಜೊತೆಯಲ್ಲಿದ್ದಾಳೆ.